ನೋಯದ ಕಾಲನ್ನು ಎತ್ತಿದಾಗ

ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಇನ್ನು ಹತ್ತು ದಿನಕ್ಕೆ ನಲವತ್ತನೇ ದಿನದ ಪ್ರಾರ್ಥನೆ. ಅಂದು ನೆಲಕ್ಕೆ ಹಣೆ ಹಚ್ಚಿ ಅವಳಿಗಾಗಿ ಬೇಡಿಕೊಳ್ಳಬೇಕೆಂಬುದೊಂದೇ ಗೊಳಸಂಗಿಯ ಅಮೀನುದ್ದೀನರ ಆಸೆ. ಆದರೆ ಟೊಂಕದಿಂದ ಎಡಗಾಲಿನ ಹಿಮ್ಮಡಿಯವರೆಗೆ ಸೆಳೆಯುವ ನೋವು ಬಗ್ಗಲು ಬಿಡುತ್ತಿರಲಿಲ್ಲ.

ಮುದ್ದೇಬಿಹಾಳದ ಡಾಕ್ಟರು ಕಾಲು ಮುಟ್ಟದೆ ಟೊಂಕವನ್ನೇ ಒತ್ತತೊಡಗಿದಾಗ ಅಮೀನುದ್ದೀನರಿಗೆ ಗುಮಾನಿ ಬಂತು. ಈ ಹುಡುಗನಿಗೆ ವಿದ್ಯೆ ಬರುತ್ತದೋ ಇಲ್ಲವೋ!

"ಸಾಹೇಬ್ರ, ಕಾಲು ಕೆಳಗೈತ್ರಿ."

"ಗೊತ್ತೈತ್ರಿ ಚಾಚಾ. ನರ ಟೊಂಕದಾಗ ಸಿಕ್ಕೊಂಡ್ರ ಕಾಲು ಒದರತೈತಿ."

ಡಾಕ್ಟರು ನೋಯದ ಬಲಗಾಲನ್ನು ನೆಟ್ಟಗೆ ಮೇಲೆತ್ತಿದರು. ಎಡಗಾಲು ಚುರ್ರೆಂದಿತು.

"ನೀವ ಏನೋ ಹಿಚುಕಿದ್ರಿ!"

ಡಾಕ್ಟರು ನಕ್ಕರು. "ಮೂರು ವಾರ ಭಾರ ಎತ್ತಬ್ಯಾಡ್ರಿ, ಬಗ್ಗಬ್ಯಾಡ್ರಿ. ನಮಾಜ ಕುರ್ಚಿ ಮ್ಯಾಲ ಕುಂತು ಮಾಡ್ರಿ. ಆಮ್ಯಾಲ ಕಸರತ್ತು ಹೇಳಿಕೊಡ್ತೇನಿ."

ಸೂಜಿಯೂ ಚುಚ್ಚಲಿಲ್ಲ, ಇವನೆಂಥ ಡಾಕ್ಟರು? ಡಾಕ್ಟರು ಕೈ ತೊಳೆಯಲು ಹೋದಾಗ ಅಮೀನುದ್ದೀನರು ತಾವೇ ಬಲಗಾಲನ್ನು ಮೆಲ್ಲಗೆ ಎತ್ತಿ ನೋಡಿದರು. ಯಾರೂ ಮುಟ್ಟಿರಲಿಲ್ಲ. ಎಡಗಾಲು ಮತ್ತೆ ಚುರ್ರೆಂದಿತು.

ಡಾಕ್ಟರು ಕೈ ಒರೆಸಿಕೊಂಡು ಬಂದಾಗ ಮುದುಕರು ತಗ್ಗಿದ ದನಿಯಲ್ಲಿ ಕೇಳಿದರು:

"ನಮ್ಮ ಮನ್ಯಾಗ ಕುರ್ಚಿ ಇಲ್ರಿ. ನಮ್ಮಾಕಿ ಮಲಗತಿದ್ದ ಹೊರಸಿನ ಮ್ಯಾಲ ಕುಂತು ಮಾಡಿದ್ರ ನಡೀತೈತೇನ್ರಿ?"