ಬಾಣಲೆಗೋ, ಹೊಳೆಗೋ

ಅಣ್ಣ ಗಾರ್ನೆಟ್‌ಗೆ ಮೀನು ಹಿಡಿಯುವ ಪರವಾನಗಿ ಮರಳಿ ಸಿಕ್ಕಿದ್ದು ಈ ಬೇಸಿಗೆಯಲ್ಲಿ. ಹಿಂದೊಮ್ಮೆ ಬ್ರೂಕ್ ಟ್ರೌಟ್ ಮೀನು ಎಂದುಕೊಂಡು, ಕೊಲ್ಲಬಾರದ ಬುಲ್ ಟ್ರೌಟ್ ಒಂದನ್ನು ಕೊಂದು ಸಿಕ್ಕಿಬಿದ್ದಿದ್ದ. ಇನ್ನೊಮ್ಮೆ ತಪ್ಪಿದರೆ ಈ ಜನ್ಮದಲ್ಲಿ ಗಾಳ ಮುಟ್ಟುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಬೇರೆ ಮಂಜಾಗಿತ್ತು. ಆದ್ದರಿಂದ ಚಳಿಗಾಲದಲ್ಲೇ ನನ್ನನ್ನು ಜೊತೆಗೆ ಕರೆದಿದ್ದ.

ನಮ್ಮ ರಾಕಿ ಬೆಟ್ಟಗಳ ಹೊಳೆಗಳಿಗೆ ಬ್ರೂಕ್ ಟ್ರೌಟ್ ಹೊರಗಿನಿಂದ ತಂದು ಬಿಟ್ಟದ್ದು; ಹಿಡಿದು ತಿಂದರೆ ಹೊಳೆಗೇ ಒಳ್ಳೆಯದು. ಬುಲ್ ಟ್ರೌಟ್ ಇಲ್ಲಿಯದೇ, ಅಳಿಯುತ್ತಿರುವುದು. ಹೆಸರಿನಲ್ಲಿ ಟ್ರೌಟ್ ಇದ್ದರೂ ಎರಡೂ ಚಾರ್ ಜಾತಿಯವು: ಮಬ್ಬು ಮೈಮೇಲೆ ತಿಳಿ ಚುಕ್ಕೆ. ನಿಜವಾದ ಟ್ರೌಟ್‌ಗೆ ತಿಳಿ ಮೈಮೇಲೆ ಕಪ್ಪು ಚುಕ್ಕೆ, ಅಲ್ಲಿ ಗೊಂದಲವಿಲ್ಲ. ಈ ಎರಡರ ನಡುವೆ ಮಾತ್ರ ಬೆನ್ನಿನ ಈಜುರೆಕ್ಕೆ ನೋಡಬೇಕು. ಕಪ್ಪು ಗೆರೆಗಳಿದ್ದರೆ ಬ್ರೂಕ್, ಇಲ್ಲದಿದ್ದರೆ ಬುಲ್.

ಇಷ್ಟನ್ನು ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ, ಆ ಚಳಿಗಾಲದಲ್ಲಿ ಮೀನು ಗುರುತಿಸುವ ಸಂಜೆ ತರಗತಿಯಲ್ಲಿ ಕಲಿತೆ. ಪರೀಕ್ಷೆಯಲ್ಲಿ ಪಾಸೂ ಆದೆ. ಆದರೆ ಚರ್ಚಿಗೆ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು ನಾನು. ಮನೆಯಲ್ಲಿ ಎಲ್ಲರೂ ಅದನ್ನು ಹೇಳಿ ನಗುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಗಾರ್ನೆಟ್.

ಬೆಳಗೆಲ್ಲ ಒಂದೂ ಕಚ್ಚಲಿಲ್ಲ. ಮಧ್ಯಾಹ್ನ ಬಿದ್ದ ಮರದ ಕೆಳಗಿನ ಮಡುವಿನಲ್ಲಿ ಒಂದು ಸಿಕ್ಕಿತು. ದಡದಲ್ಲಿ ಬೆಣ್ಣೆ, ಬಾಣಲೆ, ಹೆಚ್ಚಿದ ಆಲೂಗಡ್ಡೆ, ಜೋಡಿಸಿದ ಪುಳ್ಳೆ ಎಲ್ಲ ಕಾಯುತ್ತಿದ್ದವು. ಮೀನನ್ನು ನೀರಿನಿಂದ ಎತ್ತದೆ ಕೈಬಲೆಯಲ್ಲೇ ಹಿಡಿದು ಗಾರ್ನೆಟ್ ಕೇಳಿದ, "ಹೇಳಿ ಮೇಡಂ, ಬಾಣಲೆಗೋ, ಹೊಳೆಗೋ?"

ಬಿಸಿಲಿನ ಝಳಪು ತಪ್ಪಿಸಲು ಬಾಗಿ ನೆರಳು ಮಾಡಿದೆ. ಬೆನ್ನ ಮೇಲೆ ಬ್ರೂಕ್‌ಗೆ ಇರುವಂಥ, ಹಾವು ಹರಿದಂಥ ಗೆರೆಗಳು. ಉಸಿರು ಬಿಟ್ಟೆ. ಆದರೆ ಬೆನ್ನಿನ ರೆಕ್ಕೆಯ ಮೇಲೆ ಗೆರೆಯಿರಲಿಲ್ಲ, ಒಗೆದರೂ ಪೂರ್ತಿ ಹೋಗದ ಶಾಯಿಯ ಕಲೆಯಂಥ ಒಂದು ಮಬ್ಬು. ಹೊಟ್ಟೆಯ ಕಡೆಯ ರೆಕ್ಕೆಗೆ ಬಿಳಿ ಅಂಚು ಇತ್ತು, ಬ್ರೂಕ್ ಆದರೆ ಅದರ ಪಕ್ಕ ಇರಬೇಕಾದ ಕಪ್ಪು ಅಂಚು ಕಾಣಲಿಲ್ಲ. ಎರಡು ಜಾತಿ ಬೆರೆತು ಹುಟ್ಟಿದ ಮರಿಗಳೂ ಉಂಟೆಂದು ತರಗತಿಯಲ್ಲಿ ಹೇಳಿದ್ದರು. ರೆಕ್ಕೆ ಬಿಡಿಸಿ ಹಿಡಿದ ನನ್ನ ಬೆರಳು ತಣ್ಣೀರಿನಲ್ಲಿ ಮರಗಟ್ಟಿದವು. ಬ್ರೂಕ್ ಎಂದುಬಿಡಲು ಎಷ್ಟು ಆಸೆಯಾಯಿತೆಂದರೆ ಬಾಯಿ ತೆರೆದೂ ಆಗಿತ್ತು.

"ಗೊತ್ತಾಗ್ತಿಲ್ಲ ಕಣೋ," ಎಂದೆ. "ಕಪ್ಪು ಇದೆ ಅನ್ಸುತ್ತೆ. ಆಣೆ ಇಟ್ಟು ಹೇಳೋಕಾಗಲ್ಲ."

ಗಾರ್ನೆಟ್ ಬಲೆ ಮಗುಚಿದ. ಮೀನನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಬಾಲ ಅಲ್ಲಾಡುವವರೆಗೂ ಕಾದ. ಅದು ಮರದ ಕೆಳಗೆ ಸರಿದುಹೋಯಿತು.

ನಾನು ಕ್ಷಮೆ ಕೇಳತೊಡಗಿದೆ. ಬ್ರೂಕೇ ಇದ್ದಿರಬಹುದು, ನಿನ್ನ ಊಟ ಹಾಳು ಮಾಡಿದೆ, ಇನ್ನೊಮ್ಮೆ ನೋಡಬೇಕಿತ್ತು ಎಂದೆಲ್ಲ. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ.

"ಸಾಕು ಸುಮ್ನಿರೇ. ಆ ಬುಲ್ ಹೊಡ್ದ ದಿನ ನನ್ ಜೊತೆ ದೋಸ್ತ್ ವೆಂಡೆಲ್ ಇದ್ದ. ಅವನಿಗೆ ಹುಟ್ಟಿದಾಗ್ನಿಂದ ಒಂದಿನಾನೂ ಅನುಮಾನ ಬಂದಿಲ್ಲ. ಬ್ರೂಕೇ, ಹೊಡಿ ಅಂದ, ಹೊಡ್ದೆ. ಈ ಸಲಾನೂ ಬರ್ತೀನಿ ಅಂದಿದ್ದ. ಬೇಡ, ತಂಗೀನ ಕರ್ಕೊಂಡು ಹೋಗ್ತೀನಿ ಅಂದೆ."

ಆಮೇಲೆ ಅವನು ಬೆಣ್ಣೆಯಲ್ಲಿ ಬರೀ ಆಲೂಗಡ್ಡೆ ಹುರಿದು, ಹೆಚ್ಚು ಪಾಲು ನನ್ನ ತಟ್ಟೆಗೆ ಹಾಕಿದ. ನನ್ನ ಈ ಸ್ವಭಾವವನ್ನು ಸಹಿಸಿಕೊಂಡವರು ಬಹಳ ಜನ. ಅದೇ ಬೇಕೆಂದು ಕರೆದವನು ಇವನೊಬ್ಬ. ನಾಲಿಗೆ ಸುಡುತ್ತಿದ್ದರೂ ತಿನ್ನುತ್ತಲೇ ಇದ್ದೆ.