ನಾಲ್ಕು ಒಂದು ಏಳು ಆರು, ಹಾಜರ್!

ಮಾವನ ಯುದ್ಧದ ಕಥೆ ಸೊಸೆಗೆ ಬಾಯಿಪಾಠ. ಹೊಲಿಗೆ ಮಷೀನು ತುಳಿಯುತ್ತಲೇ ಅದನ್ನು ಎಷ್ಟು ಸಲ ಕೇಳಿದ್ದಳೋ! ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯ ಸೇರಿದ್ದು, ಸೊಟ್ಟಕಿವಿ ಎಂಬ ಹೇಸರಗತ್ತೆಯ ಹಗ್ಗ ಹಿಡಿದು ಗುಡ್ಡದ ಮೇಲಿನ ಠಾಣೆಗೆ ಮದ್ದುಗುಂಡು, ಔಷಧ ಸಾಗಿಸಿದ್ದು, ಕಾಲಿಗೆ ಗುಂಡು ಬಿದ್ದರೂ ಅದು ಕುಂಟುತ್ತಲೇ ಗುಡ್ಡದ ತುದಿ ಮುಟ್ಟಿದ್ದು. ಅಲ್ಲಿಗೆ ಕಥೆ ನಿಂತುಬಿಡುತ್ತಿತ್ತು. ಆಮೇಲೆ ಅದಕ್ಕೇನಾಯಿತು ಮಾವ ಎಂದರೆ, "ಆಮೇಲೇನು, ಯುದ್ಧ ಮುಗೀತು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟುಬಿಡುತ್ತಿದ್ದರು.

ಅತ್ತೆಯಂತೂ ಬಿಡುವವರಲ್ಲ. "ಶುರುವಾಯ್ತಲ್ಲಪ್ಪಾ ಯುದ್ಧ! ಕತ್ತೆ ಕಾಯೋಕೆ ಹೋದೋರು, ದೇಶಾನೇ ಕಾದು ಬಂದ ಹಾಗೆ ಆಡ್ತಾರೆ" ಎಂದು ಅಡುಗೆಮನೆಯಿಂದಲೇ ಕುಟುಕುತ್ತಿದ್ದರು. ಮಾವ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹಾಗಿದ್ದ ಮನುಷ್ಯನ ಬಾಯಿಗೆ ಬೀಗ ಹಾಕಿದ್ದು ಮೂರು ಕಾಗದ. ಸೈನ್ಯ ಕೊಟ್ಟಿದ್ದ ಬಿಡುಗಡೆ ಪತ್ರವನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಯುದ್ಧಕ್ಕೆ ಹೋದವರಿಗೆ ಪಿಂಚಣಿ ಎಂದು ಗೊತ್ತಾದ ಮೇಲೆ ಮಾವ ತಮ್ಮ ನಂಬರು ಬರೆದು ಅರ್ಜಿ ಹಾಕಿದರು. ಮೂರು ಸಲವೂ ಅದೇ ಅಚ್ಚು ಹಾಕಿದ ಉತ್ತರ: ಈ ನಂಬರಿನ ಸೈನಿಕ ನಮ್ಮ ದಾಖಲೆಯಲ್ಲಿಲ್ಲ. ಮೂರನೆಯದರಲ್ಲಿ ಇನ್ನೊಂದು ಸಾಲು ಹೆಚ್ಚಿಗೆ ಇತ್ತು. ಈ ತಿಂಗಳೊಳಗೆ ಪುರಾವೆ ಕೊಡದಿದ್ದರೆ ಕಡತ ಮುಚ್ಚಲಾಗುವುದು.

"ಇಲ್ಲ ಅಂದ್ರೆ ಏನರ್ಥ? ನಾನು ಹೋಗೇ ಇಲ್ಲ ಅಂತಾನಾ?" ಎಂದು ಮಾವ ಒಂದೇ ಒಂದು ಸಲ ಕೇಳಿದರು. ಮಾರನೆಯ ದಿನದಿಂದ ಕಥೆ ನಿಂತಿತು. ಸೂರ್ಯ ಹುಟ್ಟುವ ಮೊದಲೇ ಗಡ್ಡ ಬೋಳಿಸಿ ನುಣ್ಣಗೆ ಕೂರುತ್ತಿದ್ದವರ ಕೆನ್ನೆಯಲ್ಲಿ ಬಿಳಿ ಕೂಳೆ ಎದ್ದಿತು. ಪಿಂಚಣಿ ಬಂದರೆ ಒಳ್ಳೆಯದೇ, ಯಾರಿಗೆ ಬೇಡ. ಆದರೆ ಮಾವನಿಗೆ ಬೇಕಾಗಿದ್ದದ್ದು 'ಹೌದು, ನೀನು ಅಲ್ಲಿದ್ದೆ' ಎನ್ನುವ ಒಂದು ಮಾತು.

ಕೊನೆಗೆ ಅತ್ತೆಯೇ ಮಷೀನಿನ ಹತ್ತಿರ ಬಂದು ನಿಂತರು. "ಈ ಬಾಯಿ ಯಾವಾಗ ಮುಚ್ಚುತ್ತೋ ಅಂತಿದ್ದೆ ಕಣೇ. ಈಗ ಮುಚ್ಚಿದೆ, ನನಗೇ ಊಟ ಸೇರ್ತಿಲ್ಲ. ಏನಾದ್ರೂ ಮಾಡೇ ತಾಯಿ."

ಸೊಸೆ ಅರ್ಧ ಹೊಲಿದ ಶಾಲೆಯ ಅಂಗಿಗಳನ್ನು ಅಲ್ಲೇ ಬಿಟ್ಟು, ಮಾವನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು.

ದಾಖಲೆ ಕಚೇರಿಯಲ್ಲಿ ಸೂರಿನವರೆಗೂ ಕಬ್ಬಿಣದ ಕಪಾಟು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಗುಮಾಸ್ತೆ ಅರ್ಜಿ ನೋಡಿ ಹುಬ್ಬು ಗಂಟಿಕ್ಕಿದಳು.

"ಸೈನಿಕರ ನಂಬರು ಏಳಂಕಿ ಇರುತ್ತೆ ಯಜಮಾನ್ರೇ. ಇದು ನಾಲ್ಕೇ ಅಂಕಿ. ವಯಸ್ಸಾದ್ಮೇಲೆ ಮರೆವು ಸಹಜ ಬಿಡಿ."

ಮಾವನಿಗೆ ಎಲ್ಲಿತ್ತೋ ಸಿಟ್ಟು! "ಮರೆವಾ? ಹೆಂಡ್ತಿ ಹೆಸರು ಬೇಕಾದ್ರೆ ಮರೀತೀನಮ್ಮಾ, ಇದನ್ನ ಮರೆಯಲ್ಲ! ಮೂರು ವರ್ಷ, ದಿನಾ ಬೆಳಿಗ್ಗೆ ಸಾಲಲ್ಲಿ ನಿಂತು, ನಾಲ್ಕು ಒಂದು ಏಳು ಆರು ಅಂತ ಕೂಗಿದ ತಕ್ಷಣ ಹಾಜರ್ ಅಂದಿದೀನಿ, ಗೊರಸು ಎತ್ತಿ ತೋರಿಸಿದೀನಿ!"

ಸೊಸೆಯ ಕಿವಿ ನೆಟ್ಟಗಾಯಿತು. ಈ ಗೊರಸಿನ ಮಾತು ಕಥೆಯಲ್ಲಿ ಎಂದೂ ಬಂದಿರಲಿಲ್ಲ.

"ಏನು ತೋರಿಸಿದ್ರಿ ಮಾವಾ?"

"ಗೊರಸು ಕಣಮ್ಮಾ. ನಂಬರು ಸುಟ್ಟು ಬರೆದಿರೋದು ಅಲ್ಲೇ ಅಲ್ವಾ?"

"ಯಾರ ಗೊರಸು?"

"ಸೊಟ್ಟಕಿವೀದು. ಮತ್ತೇನು, ನಂದಾ?"

"ಹಾಗಾದ್ರೆ ಅವರು ಕೂಗ್ತಿದ್ದದ್ದು ಅದನ್ನ. ನೀವ್ಯಾಕೆ ಹಾಜರ್ ಅಂದ್ರಿ?"

"ನಾನಲ್ದೆ ಇನ್ಯಾರು ಹೇಳ್ಬೇಕು? ಅದಕ್ಕೆ ಮಾತು ಬರುತ್ತಾ?" ಎಂದ ಮಾವ, ತೆರೆದ ಬಾಯಿ ತೆರೆದ ಹಾಗೇ ಗುಮಾಸ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಅಯ್ಯೋ ಶಿವನೇ" ಎಂದು ಮೆಲ್ಲಗೆ ಬೆಂಚಿನ ಮೇಲೆ ಕುಸಿದರು.

ಗುಮಾಸ್ತೆ ನಗು ತಡೆಯಲಾರದೆ ಮುಖಕ್ಕೆ ಅರ್ಜಿಯನ್ನೇ ಅಡ್ಡ ಹಿಡಿದುಕೊಂಡಳು. "ಪ್ರಾಣಿಗಳ ಪುಸ್ತಕ ಹಿಂದಿನ ಕೋಣೇಲಿದೆ. ಅದನ್ನ ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ. ಇರಿ ಬಂದೆ" ಎಂದು ಒಳಗೆ ಹೋದಳು.

ಅರ್ಧ ಗಂಟೆಯಾದ ಮೇಲೆ ದಪ್ಪ ಪುಸ್ತಕವೊಂದರ ಧೂಳು ಕೊಡವುತ್ತ ಬಂದಳು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದರೆ ಸೊಸೆಯ ಕಣ್ಣೂ ಅದರ ಹಿಂದೆಯೇ ಇಳಿಯುತ್ತಿತ್ತು. ಬೆರಳು ನಿಂತಿತು.

"ನಾಲ್ಕು ಒಂದು ಏಳು ಆರು. ಹೆಣ್ಣು ಹೇಸರಗತ್ತೆ. ಎಡಗಿವಿ ಸೊಟ್ಟ. ನಡೆಸುವವನು..." ಎಂದು ಅವಳು ಓದಿದ್ದು ಮಾವನ ಹೆಸರು, ಅದರ ಪಕ್ಕದಲ್ಲಿ ಏಳಂಕಿಯ ನಂಬರು, ಯುದ್ಧದ ತಾರೀಖುಗಳು. ಕೆಳಗೆ ಮಾವನದೇ ಸೊಟ್ಟ ಸೊಟ್ಟ ಸಹಿ, ಇವತ್ತಿಗೂ ಹಾಕುವಂಥದ್ದೇ. "ಯಜಮಾನ್ರೇ, ನೀವು ಅಲ್ಲಿದ್ರಿ. ಇದಕ್ಕಿಂತ ಪುರಾವೆ ಬೇಕಾ?"

ಸೊಸೆಗೆ ಕುಣಿಯುವಷ್ಟು ಸಂತೋಷವಾಯಿತು. ಮಾವ ಮಾತ್ರ ಪುಸ್ತಕದಿಂದ ಕಣ್ಣು ಕೀಳಲಿಲ್ಲ. "ಕೊನೇಲಿ ಏನು ಬರೆದಿದೆ ನೋಡಮ್ಮ. ಕುಂಟ್ತಿತ್ತು ಅಂತ ನನ್ನ ಕೈಯಿಂದ ಹಗ್ಗ ಕಿತ್ಕೊಂಡು ಹೋದ್ರು. ಕುಂಟೋದನ್ನ ಇಟ್ಕೊಳ್ತಿರಲಿಲ್ಲ. ಗುಂಡು ಹೊಡೆದಿರ್ತಾರೆ."

ಕಥೆ ಯಾಕೆ ಗುಡ್ಡದ ತುದಿಯಲ್ಲೇ ನಿಲ್ಲುತ್ತಿತ್ತೆಂದು ಸೊಸೆಗೆ ಆಗ ತಿಳಿಯಿತು. ಪಾಪ, ಇಷ್ಟು ವರ್ಷ ಒಬ್ಬರೇ ಅದನ್ನು ಹೊತ್ತುಕೊಂಡಿದ್ದರಲ್ಲ!

ಗುಮಾಸ್ತೆ ಹಾಳೆ ತಿರುಗಿಸಿದಳು. "ಗಾಯ ವಾಸಿಯಾಯಿತು. ಸೇವೆಯಿಂದ ನಿವೃತ್ತಿ. ಹುಲ್ಲುಗಾವಲಿಗೆ ಬಿಡಲಾಯಿತು. ಹನ್ನೊಂದು ವರ್ಷದ ನಂತರ ಮುಪ್ಪಿನಿಂದ ಸಾವು."

"ಹನ್ನೊಂದು ವರ್ಷ!" ಎಂದ ಮಾವ ಮಗುವಿನ ಹಾಗೆ ಅತ್ತರು. ಅಳುತ್ತಲೇ ನಕ್ಕರು.

ಹೊಸ ಅರ್ಜಿ ಮುಂದಿಟ್ಟರೆ ನಂಬರಿನ ಜಾಗದಲ್ಲಿ ಮತ್ತೆ ನಾಲ್ಕು ಒಂದು ಏಳು ಆರು ಎಂದೇ ಬರೆದರು. ಸೊಸೆ ಅದನ್ನು ಹೊಡೆದುಹಾಕಿ, ಪುಸ್ತಕ ನೋಡಿಕೊಂಡು ಏಳಂಕಿ ತುಂಬಿದಳು.

ಮಾರನೆಯ ಬೆಳಿಗ್ಗೆ ಮಾವ ನುಣ್ಣಗೆ ಗಡ್ಡ ಬೋಳಿಸಿಕೊಂಡು ಕಥೆ ಶುರು ಮಾಡಿದರು. ಅತ್ತೆ ಒಲೆ ಆರಿಸಿ, ಎದುರಿಗೇ ಬಂದು ಕೂತು ಕೇಳಿದರು. ಈ ಸಲ ಕಥೆ ಗುಡ್ಡ ಇಳಿದು ಹುಲ್ಲುಗಾವಲಿನವರೆಗೂ ಹೋಯಿತು.

"ಅಂತೂ ನಿಮಗಿಂತ ಮೊದಲು ಅದಕ್ಕೇ ಪಿಂಚಣಿ ಸಿಕ್ತು ಅನ್ನಿ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

"ಸಿಗಬೇಕಾದ್ದೇ ಕಣೇ," ಎಂದರು ಮಾವ. "ಹೊರೆ ಹೊತ್ತಿದ್ದು ಅದು. ನಾನು ಬರೀ ಹಾಜರ್ ಅಂದೆ."