ಮೊಂಡಿ ಒದ್ದ ದಿನ

ಮದುವೆಯಾಗಿ ಬಂದ ಹೊಸದರಲ್ಲೇ ಸೊಸೆಗೆ ಒಂದು ಸಂಗತಿ ತಿಳಿದುಹೋಯಿತು. ಗಂಡನ ಕೈ ಕುದುರೆ, ಹೆಂಡತಿ ಎಂದು ಭೇದ ಮಾಡುತ್ತಿರಲಿಲ್ಲ.

ಮನೆಯ ಹಿಂದೆಯೇ ಲಾಯ. ಯಾರಿಗೂ ಬಗ್ಗದ ಕುದುರೆಗಳನ್ನು ಅವನ ಬಳಿ ತಂದು ಬಿಡುತ್ತಿದ್ದರು. ಪಳಗಿಸಿ ಕೊಡುವುದು ಅವನ ಕಸುಬು. ‘ಹೆದರಿದ ಕುದುರೆಯೇ ಒಳ್ಳೇ ಕುದುರೆ’ ಎನ್ನುತ್ತ ಗೋಡೆಯ ಮೊಳೆಯಲ್ಲಿ ನೇತುಹಾಕಿದ ಸರಪಳಿಯನ್ನು ಕೈಗೆ ಸುತ್ತಿಕೊಂಡನೆಂದರೆ ಪಕ್ಕದ ಬೀದಿಯವರೂ ಕಿಟಕಿ ಮುಚ್ಚುತ್ತಿದ್ದರು. ಮೇವು, ನೀರು, ಲದ್ದಿ ಎತ್ತುವುದು, ಗಾಯಕ್ಕೆ ಮದ್ದು ಹಚ್ಚುವುದೆಲ್ಲ ಅವನ ತಾಯಿಯ ಪಾಲು. ಬೀದಿಯವರು ಅವಳನ್ನು ಕುದುರೆಯಮ್ಮ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಗೇಟು ತೆಗೆಯುವುದು ತಡವಾಯಿತೆಂದು ಅವನು ಹೆಂಡತಿಯ ತುಟಿ ಒಡೆದ. ಅತ್ತೆ ತಣ್ಣೀರಿನ ಬಟ್ಟೆ ಒತ್ತಿದಳು. ಸಮಾಧಾನದ ಮಾತೊಂದನ್ನೂ ಆಡದೆ ಸೊಸೆಯ ಕೈಗೆ ಕುದುರೆಯ ಮೈಯುಜ್ಜುವ ಬ್ರಷ್ಷು ಕೊಟ್ಟಳು.

“ಬಾ, ಕೆಲಸ ಕಲಿ. ಸುಮ್ಮನೆ ಕೂತ್ರೆ ನೋವು ಜಾಸ್ತಿ.”

“ನಂಗೆ ಭಯ ಅತ್ತೆ.”

“ಅದಕ್ಕೂ ಭಯಾನೇ. ಹಿಂದಿನಿಂದ ಹೋಗ್ಬೇಡ, ಮೂತಿಗೆ ಎದುರಾಗೂ ನುಗ್ಬೇಡ. ಭುಜದ ಕಡೆಯಿಂದ ಹೋಗು. ಮಾತಾಡ್ತಾ ಹೋಗು.”

“ಏನಂತ ಮಾತಾಡ್ಲಿ?”

“ಏನಾದ್ರೂ. ಬೇಕಾದ್ರೆ ನನ್ನನ್ನೇ ಬೈಕೋ. ಅದಕ್ಕೆ ದನಿ ಸಾಕು, ಅರ್ಥ ಬೇಡ.”

ಸೊಸೆ ನಕ್ಕಳು. ತುಟಿಯಿಂದ ಮತ್ತೆ ರಕ್ತ ಜಿನುಗಿತು.

ಅಂದಿನಿಂದ ಅವಳು ಲಾಯದವಳಾದಳು. ಭುಜದಿಂದ ಕೈ ಇಳಿಸುತ್ತ ಹೋಗಿ ಕಾಲೆತ್ತಿಸುವುದು, ಗೊರಸಿನ ಸಂದಿಯ ಕಲ್ಲನ್ನು ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದು ತೆಗೆಯುವುದು, ಕಿವಿ ಹಿಂದಕ್ಕೆ ಒರಗಿದರೆ ಅಲ್ಲಿಗೇ ನಿಲ್ಲುವುದು, ಒಂದೊಂದನ್ನೂ ಕಲಿತಳು. ಗಂಡ ಊರಲ್ಲಿಲ್ಲದಾಗ ಬಯಲಿನಲ್ಲಿ ಸವಾರಿ. ಬಿದ್ದಳು, ಎದ್ದಳು. “ಮಣ್ಣು ಒದರ್ಕೋ, ಹತ್ತು” ಎನ್ನುವುದಷ್ಟೇ ಅತ್ತೆಯ ಉಪಚಾರ.

ಮೊಂಡಿ ಬಂದದ್ದು ಆಗಲೇ. ಎಲ್ಲೋ ಚೆನ್ನಾಗಿ ಏಟು ತಿಂದು ಬಂದ ಕಂದು ಹೆಣ್ಣುಕುದುರೆ. ಜೀನು ಕಂಡರೆ ಸಾಕು, ಒದೆಯುತ್ತಿತ್ತು. ಮೈಯುಜ್ಜುವಾಗ ಸೊಸೆಯ ಬೆರಳಿಗೆ ಬೆನ್ನೆಲುಬಿನ ಪಕ್ಕ ಒಂದು ಬಾವು ಸಿಕ್ಕಿತು. ಮುಟ್ಟಿದ ಕೂಡಲೇ ಕುದುರೆಯ ಚರ್ಮವೆಲ್ಲ ನಡುಗಿತು. ಅವಳು ಗಂಡನಿಗೆ ಹೇಳಿದಳು.

“ರೀ, ಅದರ ಬೆನ್ನಲ್ಲಿ ಕೀವು ಕಟ್ಟಿದೆ. ವಾಸಿ ಆಗೋ ತನಕ ಜೀನು ಬೇಡ.”

“ನಿನ್ನೆ ಮೊನ್ನೆ ಕುದುರೆ ಕಂಡವಳು ನಂಗೆ ಬುದ್ಧಿ ಹೇಳ್ತೀಯಾ?” ಎಂದು ಕೆನ್ನೆಗೆ ಬಾರಿಸಿದ.

ಮರುದಿನ ಅವನು ಮೊಂಡಿಯನ್ನು ಕಂಬಕ್ಕೆ ಗಿಡ್ಡವಾಗಿ ಬಿಗಿದು, ಜೀನು ಹೇರಿ, ಹೊಟ್ಟೆಪಟ್ಟಿ ಎಳೆದ. ಬಾವು ಒಡೆಯಿತು. ಕುದುರೆ ಚೀರಿ ಅವನ ತೋಳು ಕಚ್ಚಿತು. ಅವನು ಸರಪಳಿ ತೆಗೆದುಕೊಂಡ. ಮೊದಲ ಏಟು ಮೂತಿಗೆ, ಆಮೇಲಿನದು ಕಣ್ಣಿಗೆ. ಹಿಂದಕ್ಕೆ ಜಗ್ಗಿದ ಕುದುರೆ ಜಾರಿ ಬಿತ್ತು. ಕತ್ತು ಹಗ್ಗಕ್ಕೆ ಸಿಕ್ಕಿ ನೇತಾಡಿತು. ನಾಲಿಗೆ ಹೊರಬಂತು. ಅವನು ಹೊಡೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸೊಸೆ ಹುಲ್ಲಿನ ಕುಡುಗೋಲು ಹಿಡಿದು ಓಡಿಬಂದಳು. ಅವನು ಬೀಸಿದ ಸರಪಳಿ ಅವಳ ಹೆಗಲ ಮೇಲೆ ಬಿತ್ತು. ಕಣ್ಣು ಕತ್ತಲಿಟ್ಟರೂ ಹಗ್ಗದ ಮೇಲೆ ಕುಡುಗೋಲು ಎಳೆದಳು. ಹಗ್ಗ ಹರಿಯಿತು.

ಮೊಂಡಿ ಎದ್ದಿತು, ತಿರುಗಿತು, ಎರಡೂ ಹಿಂಗಾಲು ಜಾಡಿಸಿತು. ಅವನ ಮೊಣಕಾಲು ಒಣ ಸೌದೆಯಂತೆ ಲಟ್ಟೆಂದಿತು. ಬಿದ್ದವನ ಮೇಲೆ ಮುಂಗಾಲು ಇಳಿಯಿತು. ಪಕ್ಕೆಲುಬು ಮುರಿಯಿತು. ಕುದುರೆ ಮತ್ತೆ ಕಾಲೆತ್ತಿತು.

ಒಂದು ಕ್ಷಣ ಸೊಸೆ ಸುಮ್ಮನೆ ನಿಂತಳು. ತುಳಿಯಲಿ ಅನ್ನಿಸಿತು. ಆಮೇಲೆ ಭುಜದ ಕಡೆಯಿಂದ ಹತ್ತಿರ ಹೋದಳು, ಬಾಯಿಗೆ ಬಂದದ್ದನ್ನು ಮೆಲ್ಲಗೆ ಆಡುತ್ತ. ಮೊಂಡಿ ಅವಳ ಮುಂಗೈಗೆ ಹಲ್ಲು ಊರಿತು. ಕೈ ಕಿತ್ತುಕೊಂಡರೆ ಮಾಂಸವೇ ಹೋಗುತ್ತದೆಂದು ಗೊತ್ತಿತ್ತು, ಕಿತ್ತುಕೊಳ್ಳಲಿಲ್ಲ. ಹಲ್ಲು ಸಡಿಲವಾಯಿತು. ತುಂಡು ಹಗ್ಗ ಹಿಡಿದು ಕುದುರೆಯ ತಲೆಯನ್ನು ತನ್ನತ್ತ ತಿರುಗಿಸಿಕೊಂಡು ಅಂಗಳಕ್ಕೆ ನಡೆಸಿದಳು.

ಬಟ್ಟೆ ಹರಿದು ಗಂಡನ ಕಾಲಿಗೆ ಕಟ್ಟಲು ಬಗ್ಗಿದಾಗ ಅವನು ಅವಳ ಜಡೆ ಹಿಡಿದೆಳೆದ. ಸರಪಳಿಯನ್ನು ಅವಳ ಕುತ್ತಿಗೆಗೆ ಸುತ್ತಿ ಬಿಗಿದ.

“ನನ್ನ ಕಾಲು ಮುರಿಸಿದ್ಯಲ್ಲೇ! ನಿನ್ನ ಬಿಡ್ತೀನಾ?”

ಅವಳ ಉಸಿರು ಕಟ್ಟಿತು. ಕಾಲು ನೆಲ ಒದೆಯತೊಡಗಿತು. ಅಷ್ಟರಲ್ಲಿ ಲದ್ದಿ ಎತ್ತುವ ಸಲಿಕೆ ಅವನ ಮಣಿಕಟ್ಟಿನ ಮೇಲೆ ಬಿತ್ತು. ಬಿಡಲಿಲ್ಲ. ಮತ್ತೊಮ್ಮೆ ಬಿತ್ತು, ಎಲುಬು ಮುರಿಯಿತು, ಬಿಟ್ಟ.

“ಅಮ್ಮಾ!” ಎಂದು ಅರಚಿದ.

ತಾಯಿ ಸಲಿಕೆ ಕೆಳಗಿಡಲಿಲ್ಲ. “ನಿಮ್ಮಪ್ಪ ಹೊಡೆಯುವಾಗೆಲ್ಲ ನಿನ್ನನ್ನ ಹೊಟ್ಟೆ ಕೆಳಗೆ ಅವುಚ್ಕೊಂಡು ನಾನು ಏಟು ತಿಂದೆ ಕಣೋ. ನೀನು ಅಲ್ಲೇ ಕಲೀತಾ ಇದ್ದೆ ಅಂತ ಗೊತ್ತಾಗ್ಲಿಲ್ಲ.”

ಆಸ್ಪತ್ರೆಯಲ್ಲಿ ಪೊಲೀಸಿನವನು ಯಾರು ಮಾಡಿದ್ದೆಂದು ಕೇಳಿದ. “ಕಾಲು, ಪಕ್ಕೆ ಕುದುರೆದು. ಕೈ ನಂದು” ಎಂದಳು ಕುದುರೆಯಮ್ಮ. ಸೊಸೆ ಕುತ್ತಿಗೆಯ ಗುರುತು ತೋರಿಸಿ, ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಅವನು ಜೈಲು ಕಂಡು ಬಂದ ಮೇಲೂ ತಾಯಿ ಗೇಟು ತೆರೆಯಲಿಲ್ಲ. ಮನೆ, ಲಾಯ ಎರಡೂ ಅವಳ ತವರಿನ ಕಡೆಯವು. ಅವನ ಬಟ್ಟೆಬರೆ ಗಂಟು ಕಟ್ಟಿ ಹೊರಗೆ ಕೊಟ್ಟಳು. ಅವನು ಕುಂಟುತ್ತ ತನ್ನ ಅಕ್ಕನ ಊರಿಗೆ ಹೋದ. ಆ ಸಂಜೆ ಅತ್ತೆ ಮೇವು ಕಲಸುತ್ತ ಬಿಕ್ಕಿಬಿಕ್ಕಿ ಅತ್ತಳು. ಹೆತ್ತ ಕರುಳು. ಸೊಸೆ ಪಕ್ಕದಲ್ಲಿ ಕೂತು ನೀರು ಹೊಯ್ಯುತ್ತಿದ್ದಳು.

ಮೊಂಡಿಗೆ ಒಂದು ಕಣ್ಣು ಹೋಯಿತು. ಬೆನ್ನು ವಾಸಿಯಾಗಲು ಬಹಳ ಕಾಲ ಹಿಡಿಯಿತು. ಭಯ ಹೋಗಲು ಇನ್ನೂ ಹೆಚ್ಚು. ಸೊಸೆ ಮೊದಲು ಖಾಲಿ ಗೋಣಿಚೀಲ ಹೊದಿಸಿದಳು, ಎಷ್ಟೋ ವಾರದ ಮೇಲೆ ಜೀನು. ಹತ್ತಿದ ಮೊದಲ ಸಲ ಅದು ಅವಳನ್ನು ಬೇಲಿಗೆ ಎಸೆಯಿತು, ಅವಳ ಹೆಗಲಿನ ಎಲುಬು ಮುರಿಯಿತು. ಅವಳು ಸರಪಳಿಯನ್ನು ನೆನೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣಿಲ್ಲದ ಕಡೆಯಿಂದ ಸದ್ದು ಮಾಡದೆ ಹೋದದ್ದು ತನ್ನದೇ ತಪ್ಪೆಂದು ಆಮೇಲೆ ಹೊಳೆಯಿತು.

ಎಲುಬು ಕೂಡಿದ ಮೇಲೆ ಮತ್ತೆ ಹತ್ತಿದಳು. ಮೊಂಡಿ ನಡುಗುತ್ತ ನಿಂತಿತು, ಕಿವಿ ಆಡಿಸಿತು, ನಡೆಯಿತು. ಬಯಲು ಸುತ್ತಿ ಬರುವಾಗ ಸೊಸೆಯ ಮುಖದ ತುಂಬ ಕಣ್ಣೀರು, ನಗು.

ಅತ್ತೆ ಗೇಟಿನಲ್ಲಿ ಬಟ್ಟೆ ಹಿಡಿದು ನಿಂತಿದ್ದಳು. “ಇಳಿ. ಮೊದಲು ಅದರ ಬೆವರು ಒರೆಸು, ಕುಣಿಯೋದು ಆಮೇಲೆ.”